ಫೆರಿ ಟಿಕೆಟ್ ಇನ್ನು ನಿಮ್ಮ ಹೆಸರಿನಲ್ಲೇ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ಬರುವ ಮಾರ್ಚ್ 1ರಿಂದ ನಮ್ಮ ಸಹಕಾರ ಸಂಘದ ಕ್ಯಾಂಪರ್‌ವ್ಯಾನ್ (ಒಳಗೇ ಮಲಗಿ ತಂಗಬಹುದಾದ ವ್ಯಾನ್) ಬಾಡಿಗೆಯಲ್ಲಿ ಫೆರಿಯ, ಅಂದರೆ ವಾಹನ ಸಮೇತ ಕಡಲು ದಾಟಿಸುವ ಹಡಗಿನ, ಖರ್ಚು ಸೇರಿರುವುದಿಲ್ಲ. ಇಲ್ಲಿಯವರೆಗೆ ಬ್ರಿಟನ್ನಿನಿಂದ ಯುರೋಪಿಗೆ ವ್ಯಾನ್ ಒಯ್ಯುವವರಿಂದ, ಹೋಗಿಬರುವ ಹಡಗಿಗೆಂದು ವರ್ಷವಿಡೀ ಒಂದೇ ನಿಗದಿತ ಮೊತ್ತವನ್ನು ಪಡೆದು, ಟಿಕೆಟನ್ನು ಸಂಘದ ಹೆಸರಿನಲ್ಲಿ ನಾವೇ ಕೊಳ್ಳುತ್ತಿದ್ದೆವು. ಇನ್ನು ಟಿಕೆಟ್ ನಿಮ್ಮ ಹೆಸರಿನಲ್ಲಿರುತ್ತದೆ. ಹಣವನ್ನು ನೀವೇ ನೇರವಾಗಿ ಹಡಗು ಕಂಪನಿಗೆ ಕಟ್ಟುತ್ತೀರಿ. ಯಾವ ದಿನ, ಯಾವ ಬಂದರು, ಯಾವ ಹೊತ್ತಿನ ಹಡಗು ಎಂದು ಆರಿಸುವಾಗ ನಾವು ಫೋನಿನಲ್ಲಿ ನಿಮ್ಮ ಜೊತೆಗಿರುತ್ತೇವೆ. ಇದಕ್ಕೆ ಶುಲ್ಕವಿಲ್ಲ, ಕಂಪನಿಗಳಿಂದ ನಾವು ಕಮಿಷನ್ ಪಡೆಯುವುದೂ ಇಲ್ಲ. ಈಗಾಗಲೇ ನಿಗದಿತ ದರ ಕಟ್ಟಿರುವವರ ಪ್ರಯಾಣ ಮೊದಲು ಹೇಳಿದಂತೆಯೇ ನಡೆಯುತ್ತದೆ. ಅವರು ಹೊಸದಾಗಿ ಏನನ್ನೂ ಮಾಡಬೇಕಾಗಿಲ್ಲ.

ಈ ನಿರ್ಧಾರಕ್ಕೆ ಬಂದದ್ದು ಏಕೆ ಎಂದು ವಿವರವಾಗಿ ಹೇಳುತ್ತೇವೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಇದರಿಂದ ಹಣ ಉಳಿಯುತ್ತದೆ, ಕೆಲವರಿಗೆ ಖರ್ಚು ಹೆಚ್ಚುತ್ತದೆ. ಎರಡನ್ನೂ ಮುಚ್ಚಿಡುವ ಇಚ್ಛೆ ನಮಗಿಲ್ಲ.

ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಹಡಗು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಮೇ ತಿಂಗಳ ಮಂಗಳವಾರವಾದರೂ ಆಗಸ್ಟ್ ತಿಂಗಳ ಶನಿವಾರವಾದರೂ ದಾಟುವ ನೀರು ಅಷ್ಟೇ. ದರ ಮಾತ್ರ ಒಂದೇ ಅಲ್ಲ. ವಿಮಾನದ ಟಿಕೆಟಿನಂತೆ ಇಲ್ಲಿಯೂ ಡೆಕ್ಕಿನಲ್ಲಿ ಉಳಿದ ಜಾಗ, ದಿನ ಮತ್ತು ಹೊತ್ತನ್ನು ನೋಡಿಕೊಂಡು ಕಂಪನಿಗಳು ಬೆಲೆಯನ್ನು ಏರಿಸುತ್ತವೆ, ಇಳಿಸುತ್ತವೆ. ನಮ್ಮ ನಿಗದಿತ ಮೊತ್ತ ಇವೆಲ್ಲದರ ಸರಾಸರಿಯಾಗಿತ್ತು. ಅಂದರೆ ಮೇ ತಿಂಗಳಲ್ಲಿ ಹೊರಟ ನಿವೃತ್ತ ದಂಪತಿ, ಆಗಸ್ಟ್‌ನಲ್ಲಿ ಹೊರಟ ಬೇರೊಬ್ಬರ ಹಡಗಿನ ಖರ್ಚಿನ ಒಂದು ಪಾಲನ್ನು ತಮಗೆ ತಿಳಿಯದೆಯೇ ಕಟ್ಟುತ್ತಿದ್ದರು. ಸಹಕಾರ ಸಂಘದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆಗಲು ಕೊಡುವುದು ಒಳ್ಳೆಯದೇ, ಆದರೆ ಅದು ತಿಳಿದು ಕೊಟ್ಟದ್ದಾಗಿರಬೇಕು. ಮೇಲಾಗಿ, ಎಂದು ಹೋದರೂ ಅಷ್ಟೇ ದರ ಎಂದಾಗ ದಿನ ಬದಲಿಸಿ ನೋಡೋಣ ಎಂದು ಯಾರಿಗೂ ಅನ್ನಿಸುವುದಿಲ್ಲ. ಫೆರಿಯಲ್ಲಿ ಹಣ ಉಳಿಯುವುದೇ ಹಾಗೆ ಬದಲಿಸಿ ನೋಡುವುದರಲ್ಲಿ.

ಎರಡನೆಯ ಕಾರಣ ಟಿಕೆಟಿನ ಮೇಲಿರುವ ಹೆಸರು. ಹಡಗು ರದ್ದಾದರೆ ಅಥವಾ ಒಂದೂವರೆ ಗಂಟೆಗಿಂತ ಹೆಚ್ಚು ತಡವಾಗಿ ಹೊರಡುವಂತಿದ್ದರೆ, ಬೇರೆ ಹಡಗಿನಲ್ಲಿ ಹೋಗುವುದೋ ಹಣ ವಾಪಸ್ ಪಡೆಯುವುದೋ ಎಂಬ ಆಯ್ಕೆಯನ್ನು ಕಾನೂನು ಪ್ರಯಾಣಿಕರಿಗೆ ಕೊಟ್ಟಿದೆ. ನಾಲ್ಕು ಗಂಟೆಯೊಳಗಿನ ಪ್ರಯಾಣದಲ್ಲಿ ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ ದರದ ಶೇಕಡ 25ರಷ್ಟು, ಎರಡು ಗಂಟೆ ಮೀರಿದರೆ ಶೇಕಡ 50ರಷ್ಟು ಪರಿಹಾರವನ್ನೂ ಕೇಳಬಹುದು (ಬಿರುಗಾಳಿಯಂಥ ಹವಾಮಾನ ಕಾರಣವಾಗಿದ್ದರೆ ಈ ಪರಿಹಾರ ಸಿಗುವುದಿಲ್ಲ). ಟಿಕೆಟ್ ಸಂಘದ ಹೆಸರಿನಲ್ಲಿದ್ದಾಗ ಇದೆಲ್ಲ ನಮ್ಮ ಮೂಲಕ ಸುತ್ತಿಕೊಂಡು ನಿಮಗೆ ತಲುಪಬೇಕಾಗಿತ್ತು. ಬಂದರಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಿರುವವರು ನಮ್ಮ ಕಚೇರಿ ತೆರೆಯುವವರೆಗೆ ಕಾಯುವುದು ನ್ಯಾಯವಲ್ಲ. ಇನ್ನೊಂದು ಸಂಗತಿಯೂ ಇದೆ. ನೂರು ಪೌಂಡ್‌ಗಿಂತ ಹೆಚ್ಚಿನ ಟಿಕೆಟನ್ನು ನಿಮ್ಮ ಕ್ರೆಡಿಟ್ ಕಾರ್ಡಿನಿಂದ ನೇರವಾಗಿ ಕಂಪನಿಯಿಂದ ಕೊಂಡರೆ, ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿಯ ರಕ್ಷಣೆ ನಿಮಗೆ ದೊರೆಯುತ್ತದೆ: ಕಂಪನಿ ಕೈಕೊಟ್ಟರೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆಯಾಗುತ್ತದೆ. ನಡುವೆ ಮೂರನೆಯವರು ನಿಂತು ಹಣ ಪಡೆದರೆ ಈ ರಕ್ಷಣೆಯ ಕೊಂಡಿ ಕಳಚುವ ಸಂಭವವಿದೆ. ಆ ಮೂರನೆಯವರು ನಾವಾಗಬಾರದು ಎಂಬುದು ನಮ್ಮ ಆಸೆ.

ಈಗ ದರದ ವಿಷಯ. ಟಿಕೆಟ್ ಕೊಳ್ಳುವಾಗ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ವ್ಯಾನಿನ ಅಳತೆ. ಕಂಪನಿಗಳು ಕೇಳುವ ಉದ್ದ ಮತ್ತು ಎತ್ತರ ವಾಹನದ ಕೈಪಿಡಿಯಲ್ಲಿರುವ ಅಂಕಿಯಲ್ಲ. ಬಂದರಿಗೆ ಬಂದು ನಿಂತ ವಾಹನದ ಅಳತೆ. ಹಿಂದೆ ತೂಗುವ ಸೈಕಲ್ ಸ್ಟ್ಯಾಂಡ್, ಮೇಲಿನ ಪೆಟ್ಟಿಗೆ, ಟಿವಿ ಆಂಟೆನಾ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ನಮ್ಮಲ್ಲಿರುವ ಫಿಯಟ್ ಡುಕಾಟೊ ವ್ಯಾನುಗಳ ಉದ್ದ 5.99 ಮೀಟರ್. ಸೈಕಲ್ ಸ್ಟ್ಯಾಂಡ್ ಹಾಕಿದೊಡನೆ ಅದು ಆರು ಮೀಟರ್ ದಾಟಿ, ಹಲವು ದರಪಟ್ಟಿಗಳಲ್ಲಿ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಚಿಕ್ಕ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಐದು ಮೀಟರಿನ ಒಳಗಿದ್ದು, ಎತ್ತರವೂ ಎರಡು ಮೀಟರಿನ ಆಸುಪಾಸಿನಲ್ಲಿದೆ. ಇಬ್ಬರೇ ಹೋಗುವುದಾದರೆ ದಯವಿಟ್ಟು ಚಿಕ್ಕದನ್ನೇ ಆರಿಸಿ. ಹಡಗಿನಲ್ಲಿ ಹಣ ಉಳಿಯುವುದಲ್ಲದೆ ಫ್ರಾನ್ಸಿನ ಟೋಲ್ ರಸ್ತೆಯಲ್ಲಿಯೂ ಉಳಿಯಬಹುದು. ಅಲ್ಲಿ ಎರಡು ಮೀಟರ್ ಎತ್ತರದವರೆಗಿನ ವಾಹನ ಮೊದಲ ವರ್ಗ. ಎರಡರಿಂದ ಮೂರು ಮೀಟರಿನ ನಡುವಿನದು ದುಬಾರಿಯಾದ ಎರಡನೆಯ ವರ್ಗ. ಸೈಕಲ್ ಬೇಕೇ ಬೇಕು ಎನ್ನುವವರು ಅಲ್ಲಿಯೇ ಬಾಡಿಗೆಗೆ ಪಡೆದರೆ ಎಷ್ಟಾಗುತ್ತದೆ ಎಂದು ಒಮ್ಮೆ ಹೋಲಿಸಿ ನೋಡಲಿ. ಅಳತೆಯನ್ನು ಕಡಿಮೆ ಬರೆದು ಪಾರಾಗುವ ಯೋಚನೆ ಮಾತ್ರ ಬೇಡ. ಚೆಕ್-ಇನ್‌ನಲ್ಲಿ ಅಳೆದರೆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ; ತುಂಬಿದ ಹಡಗಿನಲ್ಲಿ ಜಾಗವೇ ಸಿಗದಿರಬಹುದು. ನಾವು ಪ್ರತಿ ವ್ಯಾನನ್ನೂ ಸ್ಟ್ಯಾಂಡ್ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ ಅಳೆದು ಚೀಟಿ ಬರೆದಿಟ್ಟಿದ್ದೇವೆ. ಬಾಡಿಗೆ ಖಚಿತವಾದ ದಿನವೇ ನಿಮ್ಮ ವ್ಯಾನಿನ ನೋಂದಣಿ ಸಂಖ್ಯೆಯ ಜೊತೆ ಆ ಚೀಟಿ ನಿಮಗೆ ಬರುತ್ತದೆ. ಹಾಗಾಗಿ ಇನ್ನು ಮುಂದೆ "ಯಾವುದೋ ಒಂದು ವ್ಯಾನ್" ಎಂಬುದಿಲ್ಲ. ನಿಮ್ಮದು ಯಾವುದೆಂದು ಮೊದಲೇ ಗೊತ್ತಿರುತ್ತದೆ.

ಬಂದರಿನ ಆಯ್ಕೆಗೆ ಬಂದರೆ, ಅಗ್ಗದ ಟಿಕೆಟ್ ಎಂದರೆ ಅಗ್ಗದ ಪ್ರಯಾಣ ಎಂದಲ್ಲ. ಡೋವರ್-ಕ್ಯಾಲೆಯಲ್ಲಿ ಮೂರು ಕಂಪನಿಗಳು ಓಡಿಸುವುದರಿಂದ ಸ್ಪರ್ಧೆಯಿದೆ, ಹಡಗುಗಳು ಮೇಲಿಂದ ಮೇಲೆ ಇವೆ, ದರವೂ ಸಾಮಾನ್ಯವಾಗಿ ಇಳಿಕೆಯಲ್ಲಿರುತ್ತದೆ. ಪಕ್ಕದ ಡಂಕರ್ಕ್‌ಗೆ ಎರಡು ಗಂಟೆ; ಬೆಲ್ಜಿಯಂ, ನೆದರ್ಲ್ಯಾಂಡ್ಸ್ ಕಡೆಗೆ ಹೊರಟವರು ಅದನ್ನು ಮೊದಲು ನೋಡಬೇಕು. ಆದರೆ ಉತ್ತರ ಇಂಗ್ಲೆಂಡಿನಲ್ಲಿರುವವರು ಡೋವರ್‌ವರೆಗೆ ಇಡೀ ದೇಶದ ಉದ್ದಕ್ಕೆ ಡೀಸೆಲ್ ಸುಟ್ಟು, ನಡುವೆ ಒಂದು ರಾತ್ರಿ ತಂಗಿ ಹೋದರೆ, ಹತ್ತಿರದ ಬಂದರುಗಳಾದ ಹಲ್‌ನಿಂದ ರಾಟರ್‌ಡ್ಯಾಮ್‌ಗೋ ನ್ಯೂಕ್ಯಾಸಲ್‌ನಿಂದ ಆಮ್‌ಸ್ಟರ್‌ಡ್ಯಾಮ್ ಬಳಿಯ ಐಮೌಡನ್‌ಗೋ ರಾತ್ರಿ ಹಡಗು ಹಿಡಿಯುವುದಕ್ಕಿಂತ ಕಡಿಮೆಯಾಯಿತೇ ಎಂದು ಲೆಕ್ಕ ಹಾಕಬೇಕು. ಆ ಮಾರ್ಗಗಳಲ್ಲಿ ಕ್ಯಾಬಿನ್ ದರವೂ ಸೇರುವುದರಿಂದ ಟಿಕೆಟ್ ನೋಡಿದ ತಕ್ಷಣ ಗಾಬರಿಯಾಗುವುದು ಸಹಜ. ಆದರೆ ಅದು ಒಂದು ರಾತ್ರಿಯ ನಿದ್ದೆಯ ಬೆಲೆಯೂ ಹೌದು.

ಫ್ರಾನ್ಸಿನ ನಾರ್ಮಂಡಿ ಅಥವಾ ಲ್ವಾರ್ ನದಿಯ ಕಡೆಗೆ ಹೋಗುವವರಿಗೆ ನ್ಯೂಹೇವನ್-ಡಿಯೆಪ್ ಮಾರ್ಗವನ್ನು ನಾವು ಮನಸಾರೆ ಹೇಳುತ್ತೇವೆ. ನಾಲ್ಕು ಗಂಟೆಯ ಪ್ರಯಾಣ, ಚಿಕ್ಕ ಬಂದರು, ಇಳಿದೊಡನೆ ಹಳ್ಳಿಗಾಡಿನ ರಸ್ತೆ. ಸ್ಪೇನಿನ ಉತ್ತರ ತೀರಕ್ಕೆ ಹೋಗುವವರ ಲೆಕ್ಕವೇ ಬೇರೆ. ಪ್ಲಿಮತ್‌ನಿಂದ ಸಾಂತಾಂದೆರ್‌ಗೆ ಹಡಗು ಇಪ್ಪತ್ತು ಗಂಟೆಯ ಆಸುಪಾಸು, ಪೋರ್ಟ್ಸ್‌ಮತ್‌ನಿಂದಾದರೆ ಒಂದು ಹಗಲು ಒಂದು ರಾತ್ರಿಗಿಂತಲೂ ಹೆಚ್ಚು. ಕ್ಯಾಲೆಯಲ್ಲಿ ಇಳಿದು ಅಲ್ಲಿಗೆ ಹೋಗಬೇಕಾದರೆ 1,200 ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಬೇಕು. ಡೀಸೆಲ್, ಟೋಲ್, ದಾರಿಯ ತಂಗುದಾಣ ಎಲ್ಲವನ್ನೂ ಕೂಡಿ ನೋಡಿ. ಹತ್ತು ದಿನಗಳ ರಜೆಯವರಿಗೆ ಸ್ಪೇನಿನ ಹಡಗು ಒಳ್ಳೆಯದು. ತಿಂಗಳಿರುವವರು ಕ್ಯಾಲೆಯಲ್ಲಿ ಇಳಿದು ನಿಧಾನವಾಗಿ ಫ್ರಾನ್ಸನ್ನು ನೋಡುತ್ತ ಹೋಗುವುದೇ ಮೇಲು. ಈ ಪಶ್ಚಿಮದ ಮಾರ್ಗಗಳನ್ನು ಓಡಿಸುವ ಬ್ರಿಟನಿ ಫೆರೀಸ್ ಹುಟ್ಟಿದ್ದು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರೈತರಿಂದ. ತಮ್ಮ ಹೂಕೋಸನ್ನೂ ಆರ್ಟಿಚೋಕನ್ನೂ ಇಂಗ್ಲೆಂಡಿಗೆ ಸಾಗಿಸಲು ಯಾರೂ ಮುಂದೆ ಬಾರದಿದ್ದಾಗ ಅವರು ತಾವೇ ಒಟ್ಟುಗೂಡಿ 1973ರ ಜನವರಿಯಲ್ಲಿ ರಾಸ್ಕಾಫ್‌ನಿಂದ ಪ್ಲಿಮತ್‌ಗೆ ಹಡಗು ಬಿಟ್ಟರು. ಸಹಕಾರಿಗಳಾದ ನಮಗೆ ಆ ಹಡಗನ್ನು ಕಂಡರೆ ಒಂದು ಬಗೆಯ ಅಭಿಮಾನ. ಆದರೂ ನಿಮಗೆ ಅಗ್ಗವಾದದ್ದು ಬೇರೆ ಕಂಪನಿಯದಾಗಿದ್ದರೆ ಅದನ್ನೇ ಹೇಳುತ್ತೇವೆ.

ಹೋಗುವ ಬಂದರೂ ಬರುವ ಬಂದರೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಡಂಕರ್ಕ್‌ನಲ್ಲಿ ಇಳಿದು, ತೀರದ ಗುಂಟ ಪಶ್ಚಿಮಕ್ಕೆ ಸಾಗಿ, ನಾರ್ಮಂಡಿಯ ಕಾನ್‌ನಿಂದ ಪೋರ್ಟ್ಸ್‌ಮತ್‌ಗೆ ಮರಳಿದರೆ ಬಂದ ದಾರಿಯನ್ನೇ ಮತ್ತೆ ತುಳಿಯುವ ಇಂಧನ ಉಳಿಯುತ್ತದೆ. ಇನ್ನು, ಕೆಲವು ದಿನಗಳೊಳಗೆ ಮರಳುವವರಿಗೆಂದೇ ಇರುವ ಅಗ್ಗದ ಟಿಕೆಟನ್ನು ದೀರ್ಘ ರಜೆಗೆ ಬಳಸಲು ಹೋಗಬೇಡಿ. ಹೆಚ್ಚುವರಿ ಹಣ ತೆರಬೇಕಾಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಬಗೆಯ ಟಿಕೆಟ್ ಸಿಗುವ ಕಡೆ ನಮ್ಮ ಸಲಹೆ ಇಷ್ಟು: ಹೋಗುವಾಗ ಬದಲಾಯಿಸಲಾಗದ ಅಗ್ಗದ ಟಿಕೆಟ್, ಬರುವಾಗ ಬದಲಾಯಿಸಬಹುದಾದ ಟಿಕೆಟ್. ಮನೆಯಿಂದ ಹೊರಡುವ ಹೊತ್ತು ನಮ್ಮ ಕೈಯಲ್ಲಿರುತ್ತದೆ. ದೂರದ ಹೆದ್ದಾರಿಯ ಮೇಲೆ ಟೈರ್ ಪಂಕ್ಚರ್ ಆಗುವುದು ನಮ್ಮ ಕೈಯಲ್ಲಿಲ್ಲ.

ದಿನ ಬದಲಿಸಿದರೆ ಉಳಿಯುತ್ತದೆ ಎಂದು ಹೇಳಿ, ವ್ಯಾನನ್ನು ಮಾತ್ರ ಶನಿವಾರವೇ ಕೊಡುತ್ತೇವೆ ಎಂದರೆ ಆ ಮಾತಿಗೆ ಅರ್ಥವಿರುವುದಿಲ್ಲ. ಆದ್ದರಿಂದ ಶನಿವಾರದಿಂದ ಶನಿವಾರದವರೆಗೆ ಎಂಬ ನಿಯಮವನ್ನೂ ಮಾರ್ಚ್ 1ರಿಂದ ಕೈಬಿಡುತ್ತಿದ್ದೇವೆ. ಭಾನುವಾರವೊಂದನ್ನು ಬಿಟ್ಟು ಯಾವ ದಿನ ಬೇಕಾದರೂ ವ್ಯಾನ್ ಒಯ್ಯಬಹುದು, ಮರಳಿಸಬಹುದು. ರಾತ್ರಿಯ ಅಥವಾ ನಸುಕಿನ ಹಡಗು ಹಿಡಿಯುವವರು ಹಿಂದಿನ ದಿನ ಸಂಜೆಯೇ ಒಯ್ದರೆ ಆ ಸಂಜೆಗೆ ಬಾಡಿಗೆ ಇಲ್ಲ. ಮೊದಲು ಹಡಗಿನ ದರ ನೋಡಿ ಆಮೇಲೆ ವ್ಯಾನಿನ ದಿನ ಹೇಳಲು ಅನುಕೂಲವಾಗಲೆಂದು, ಒಂದು ವಾರದ ಮಟ್ಟಿಗೆ ಮುಂಗಡವಿಲ್ಲದೆ ವ್ಯಾನನ್ನು ನಿಮಗಾಗಿ ಹಿಡಿದಿಡುತ್ತೇವೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ನೇರವಾಗಿ ಒಂದು ಮಾತು. ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ಹೋಗಬಲ್ಲವರಿಗೆ ಈ ಬದಲಾವಣೆಯಿಂದ ಹಡಗಿನ ಖರ್ಚು ಮೊದಲಿಗಿಂತ ಹೆಚ್ಚಾಗಬಹುದು. ಅದನ್ನು ತಗ್ಗಿಸಲು ಸಾಧ್ಯವಿರುವುದನ್ನೆಲ್ಲ ಮಾಡುತ್ತೇವೆ. ಬೇಸಿಗೆಯ ವೇಳಾಪಟ್ಟಿ ಮಾರಾಟಕ್ಕೆ ತೆರೆದ ವಾರವೇ ನಿಮಗೆ ಸಂದೇಶ ಬರುತ್ತದೆ, ಏಕೆಂದರೆ ಆ ತಿಂಗಳುಗಳಲ್ಲಿ ಕಾದಷ್ಟೂ ದರ ಏರುತ್ತದೆ. ಕೊನೆಯ ಗಳಿಗೆಯ ರಿಯಾಯಿತಿಯನ್ನು ನಂಬಿ ಕೂರಬೇಡಿ. ವಾರದ ನಡುವಿನ ದಿನ, ತಡರಾತ್ರಿಯ ಅಥವಾ ಮುಂಜಾವಿನ ಹಡಗು, ಡಂಕರ್ಕ್ ಈ ಮೂರನ್ನೂ ಸೇರಿಸಿ ನೋಡಿ. ಜುಲೈ-ಆಗಸ್ಟ್‌ನ ಸಂಧಿಯ ಶನಿವಾರಗಳಲ್ಲಿ ಫ್ರಾನ್ಸಿನ ಅರ್ಧ ಜನ ರಜೆಗೆ ಹೊರಟು ಇನ್ನರ್ಧ ಮರಳುವಂತೆ ಹೆದ್ದಾರಿಗಳು ತುಂಬಿರುತ್ತವೆ. ಆ ದಿನಗಳನ್ನು ತಪ್ಪಿಸಿದರೆ ಹಣದ ಜೊತೆ ನೆಮ್ಮದಿಯೂ ಉಳಿಯುತ್ತದೆ.

ಗಡಿಯ ಕಾಗದಪತ್ರಗಳನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬ್ರಿಟಿಷ್ ಪಾಸ್‌ಪೋರ್ಟ್ ಯುರೋಪಿಗೆ ಕಾಲಿಡುವ ದಿನಕ್ಕೆ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಭಾರತದ ಪಾಸ್‌ಪೋರ್ಟ್ ಹೊಂದಿರುವವರಿಗೆ ಬ್ರಿಟನ್ನಿನಲ್ಲಿ ನೆಲೆಸಿದ್ದರೂ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ) ವೀಸಾ ಬೇಕು. ವೀಸಾ ಕೈಸೇರುವ ಮೊದಲು ಹಣ ವಾಪಸ್ ಬಾರದ ಟಿಕೆಟನ್ನು ದಯವಿಟ್ಟು ಕೊಳ್ಳಬೇಡಿ. ಡೋವರ್‌ನಲ್ಲಿ ಫ್ರಾನ್ಸಿನ ಗಡಿ ತಪಾಸಣೆ ಹಡಗು ಹತ್ತುವ ಮೊದಲೇ ನಡೆಯುತ್ತದೆ. 2025ರ ಅಕ್ಟೋಬರ್ 12ರಂದು ಆರಂಭವಾದ ಯುರೋಪಿನ ಹೊಸ ನೋಂದಣಿ ವ್ಯವಸ್ಥೆಯಲ್ಲಿ ಮೊದಲ ಸಲ ಹೋಗುವವರ ಮುಖದ ಚಿತ್ರ ಮತ್ತು ಬೆರಳಚ್ಚು ದಾಖಲಿಸುವುದರಿಂದ (ಹನ್ನೆರಡರೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ) ಟಿಕೆಟಿನಲ್ಲಿ ಹೇಳಿದ ಹೊತ್ತಿಗಿಂತ ಮುಂಚೆ ತಲುಪುವುದು ಕ್ಷೇಮ. ಬಾಡಿಗೆ ವಾಹನವನ್ನು ವಿದೇಶಕ್ಕೆ ಒಯ್ಯಲು ಬೇಕಾದ ವಿಇ103 ಪ್ರಮಾಣಪತ್ರ, ಹಿಂಬದಿಯ ಯುಕೆ ಸ್ಟಿಕ್ಕರ್, ಹೆಡ್‌ಲೈಟಿನ ಬೆಳಕನ್ನು ತಿರುಗಿಸುವ ಪಟ್ಟಿ, ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್ ಇವನ್ನು ನಾವೇ ಮೊದಲಿನಂತೆ ವ್ಯಾನಿನಲ್ಲಿ ಇಡುತ್ತೇವೆ. ಹಡಗು ಹತ್ತುವ ಮೊದಲು ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚುವುದು ನಿಮ್ಮ ಹೊಣೆ.

ಸಲಹೆಗಾಗಿ ಕರೆ ಮಾಡುವಾಗ ನೀವು ಹೋಗಲಿಚ್ಛಿಸುವ ಊರು, ಹೆಚ್ಚೆಂದರೆ ಎಷ್ಟು ದಿನ ಹಿಂದೆ ಮುಂದೆ ಸರಿಯಬಲ್ಲಿರಿ, ಎಷ್ಟು ಜನ, ಸೈಕಲ್ ಇದೆಯೇ ಎಂಬಿಷ್ಟನ್ನು ಬರೆದಿಟ್ಟುಕೊಂಡಿರಿ. ವಾರದ ದಿನಗಳಲ್ಲಿ ಸಂಜೆ ಐದರಿಂದ ಎಂಟರವರೆಗೆ ಇದಕ್ಕೆಂದೇ ಒಬ್ಬರು ಕಚೇರಿಯಲ್ಲಿರುತ್ತಾರೆ. ಕಂಪ್ಯೂಟರ್ ಬಳಕೆ ಕಷ್ಟವಾಗುವವರು ಕಚೇರಿಗೇ ಬಂದರೆ ಪಕ್ಕದಲ್ಲಿ ಕುಳಿತು ಟಿಕೆಟ್ ಮಾಡಿಸುತ್ತೇವೆ, ನಿಮ್ಮ ಕಾರ್ಡಿನಿಂದ, ನಿಮ್ಮ ಹೆಸರಿಗೆ.

ವಂದನೆಗಳೊಂದಿಗೆ,
ಕ್ಯಾಂಪರ್‌ವ್ಯಾನ್ ಸಹಕಾರ ಸಂಘದ ಕಾರ್ಯಕಾರಿ ಸಮಿತಿ