ಕೂದಲಿನ ಔಷಧಕ್ಕೂ ವೈದ್ಯರ ಚೀಟಿ ಬೇಕು

ಮಾನ್ಯ ಸಂಪಾದಕರಿಗೆ,

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಔಷಧ ಅಂಗಡಿಗೆ ಕೂದಲು ಉದುರುವುದಕ್ಕೆ ಮದ್ದು ಕೇಳಿಕೊಂಡು ಬರುವ ಯುವಕರು ಈಚೆಗೆ ಬಹಳ ಹೆಚ್ಚಾಗಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕನ್ಯೆ ನೋಡಲು ಹೊರಟವರು, ಮಗನ ಪರವಾಗಿ ಬರುವ ತಾಯಂದಿರು ಹೀಗೆ ಬರುವ ಬಹುತೇಕರಲ್ಲಿ ವೈದ್ಯರ ಚೀಟಿ ಇರುವುದಿಲ್ಲ, ಮೊಬೈಲಿನಲ್ಲಿ ಬಾಟಲಿಯ ಚಿತ್ರ ಮಾತ್ರ ಇರುತ್ತದೆ. ಚೀಟಿ ಇಲ್ಲದೆ ಕೊಡಲಾಗದು ಎಂದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತೇವೆ ಎಂದು ಹೊರಟುಬಿಡುತ್ತಾರೆ. ಈ ವಿಷಯದಲ್ಲಿ ಓದುಗರ ಗಮನ ಸೆಳೆಯಬೇಕೆಂದು ಈ ಪತ್ರ.

ಈ ಔಷಧಗಳಿಂದ ಗುಣ ಕಾಣುವುದು ನಿಜ. ಮಿನಾಕ್ಸಿಡಿಲ್ ಮೂಲತಃ ಅಧಿಕ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಮಾತ್ರೆ; ಅದನ್ನು ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡ ಮೇಲೆ ನೆತ್ತಿಗೆ ಹಚ್ಚುವ ದ್ರಾವಣ ತಯಾರಾಗಿ, 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯಿತು. ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ 5 ಮಿ.ಗ್ರಾಂ. ಪ್ರಮಾಣದಲ್ಲಿ ಕೊಡುತ್ತಿದ್ದ ಫಿನಾಸ್ಟರೈಡ್‌ಗೆ 1997ರಲ್ಲಿ, 1 ಮಿ.ಗ್ರಾಂ. ಪ್ರಮಾಣದಲ್ಲಿ, ಗಂಡಸರ ಬೊಕ್ಕತಲೆಗೂ ಒಪ್ಪಿಗೆ ದೊರೆಯಿತು. ಎರಡು ವರ್ಷಗಳ ಪರೀಕ್ಷೆಯಲ್ಲಿ ಈ ಮಾತ್ರೆ ನುಂಗಿದವರ ಪೈಕಿ ಶೇ 83ರಷ್ಟು ಮಂದಿಯ ಕೂದಲಿನ ಸಂಖ್ಯೆ ಕಡಿಮೆಯಾಗಲಿಲ್ಲ; ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಈ ಪ್ರಮಾಣ ಶೇ 28 ಇತ್ತು.

ಆದರೆ ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಉದುರುವಿಕೆ ಹೆಚ್ಚುವುದೂ ಉಂಟು, ಅದಕ್ಕೆ ಹೆದರಿ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಳಕೆ ನಿಲ್ಲಿಸಿದರೆ ಬಂದ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ. ಅಂದರೆ ಇದು ವರ್ಷಾನುಗಟ್ಟಲೆ ನಡೆಸಬೇಕಾದ ಚಿಕಿತ್ಸೆ.

ಇದಕ್ಕೂ ಮುಖ್ಯವಾದದ್ದು, ಉದುರುವಿಕೆ ಯಾವ ಬಗೆಯದು ಎಂಬುದು. ಮೇಲೆ ಹೇಳಿದ ಪರೀಕ್ಷೆ ವಂಶಪಾರಂಪರ್ಯವಾಗಿ ಬರುವ ಬೊಕ್ಕತಲೆಗೆ ಸಂಬಂಧಿಸಿದ್ದು. ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ಅಥವಾ ಹೆರಿಗೆಯ ನಂತರ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆ ಸಾಮಾನ್ಯ ಕಾರಣಗಳು, ಅವುಗಳ ಪತ್ತೆಗೆ ರಕ್ತಪರೀಕ್ಷೆ ಸಾಕು. ನಮ್ಮ ಭಾಗದಲ್ಲಿ ಎಲ್ಲವನ್ನೂ ಬೋರ್‌ವೆಲ್‌ನ ಸವಳು ನೀರಿನ ಮೇಲೆ ಹಾಕುವ ರೂಢಿಯಿದೆ. ಆ ನೀರಿನಿಂದ ಕೂದಲು ಒರಟಾಗಿ ತುಂಡಾಗಬಹುದು, ಗಂಡಸರ ನೆತ್ತಿ ಬೋಳಾಗುವುದಕ್ಕೆ ಮಾತ್ರ ಹಾರ್ಮೋನು ಮತ್ತು ವಂಶಗುಣವೇ ಕಾರಣ.

ಇನ್ನು ಸುರಕ್ಷತೆಯ ಮಾತು. ಮಿನಾಕ್ಸಿಡಿಲ್‌ನಿಂದ ನೆತ್ತಿಯಲ್ಲಿ ತುರಿಕೆ, ಮುಖದ ಮೇಲೆ ಬೇಡದ ಕೂದಲು, ಕೆಲವರಲ್ಲಿ ಎದೆಬಡಿತ ಮತ್ತು ತಲೆಸುತ್ತು ಬರಬಹುದಾದ್ದರಿಂದ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಫಿನಾಸ್ಟರೈಡ್‌ನ ವಿಷಯ ಇನ್ನೂ ಗಂಭೀರವಾದದ್ದು. ಲೈಂಗಿಕ ತೊಂದರೆ ಕಂಡವರು ಪರೀಕ್ಷೆಗಳಲ್ಲಿ ನೂರಕ್ಕೆ ನಾಲ್ವರಿಗಿಂತ ಕಡಿಮೆ ಎಂಬುದು ನಿಜವಾದರೂ, ಮಾತ್ರೆ ಬಿಟ್ಟ ಮೇಲೂ ಆ ತೊಂದರೆ ಮುಂದುವರಿದ ವರದಿಗಳಿವೆ, ವೀರ್ಯದ ಗುಣಮಟ್ಟ ಕುಗ್ಗಿದ ವರದಿಗಳೂ ಇವೆ. ಮದುವೆಗೆಂದು ಈ ಮಾತ್ರೆ ಶುರುಮಾಡಿದ ಯುವಕ ಮುಂದೆ ಮಗುವಿಗಾಗಿ ಆಸ್ಪತ್ರೆಗೆ ಅಲೆಯುವಾಗ ಅದರ ಸುದ್ದಿಯನ್ನೇ ಎತ್ತದಿದ್ದರೆ ವೈದ್ಯರಿಗೆ ತಿಳಿಯುವುದಾದರೂ ಹೇಗೆ? ಆತ್ಮಹತ್ಯೆಯ ಯೋಚನೆಗಳು ಈ ಮಾತ್ರೆಯ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಪರೀಕ್ಷೆಯ ಒತ್ತಡದಲ್ಲಿ ಮೊದಲೇ ಕುಗ್ಗಿರುವ ಹುಡುಗನಿಗೆ ಇದನ್ನು ಒಂದು ಮಾತೂ ಹೇಳದೆ ಕೊಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ನಡುವಯಸ್ಸು ದಾಟಿದವರಲ್ಲಿ ಇದು ಪ್ರಾಸ್ಟೇಟ್ ಗ್ರಂಥಿಯ ಸ್ಥಿತಿ ತಿಳಿಯಲು ಮಾಡುವ ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ತಪ್ಪಿಹೋಗುವ ಅಪಾಯವೂ ಇದೆ.

ಈ ಎರಡೂ ಔಷಧ ಬೆರೆತ ದ್ರಾವಣಗಳು ಮಾರುಕಟ್ಟೆಗೆ ಬಂದಿರುವುದು ನನಗೆ ಹೆಚ್ಚಿನ ಚಿಂತೆ ತಂದಿದೆ. ಬರೀ ಮಿನಾಕ್ಸಿಡಿಲ್ ಎಂದುಕೊಂಡು ಹಚ್ಚುವವರಿಗೆ ಬಾಟಲಿಯಲ್ಲಿ ಫಿನಾಸ್ಟರೈಡ್ ಇರುವುದೇ ಗೊತ್ತಿರುವುದಿಲ್ಲ. ಇದು ಗರ್ಭದಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಧಕ್ಕೆ ತರಬಲ್ಲದು. ಆದ್ದರಿಂದ ಮನೆಯಲ್ಲಿ ಬಸುರಿ ಇದ್ದರೆ ದ್ರಾವಣ ಹಚ್ಚಿದ ತಲೆಯನ್ನಾಗಲಿ, ಒಡೆದ ಮಾತ್ರೆಯನ್ನಾಗಲಿ ಆಕೆ ಮುಟ್ಟದಂತೆ ನೋಡಿಕೊಳ್ಳಬೇಕು.

ಫಿನಾಸ್ಟರೈಡ್ ಅನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂಬ ನಿಯಮ ಈಗಾಗಲೇ ಇದೆ. ಬೊಕ್ಕತಲೆ ವಾಸಿಮಾಡುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಎಂದು ಔಷಧಗಳ ಬಗ್ಗೆ ಹೇಳಿಕೊಳ್ಳುವುದನ್ನು 1945ರ ಔಷಧ ನಿಯಮಗಳ ‘ಜೆ’ ಅನುಸೂಚಿ ನಿರ್ಬಂಧಿಸುತ್ತದೆ. ಆದರೂ ಅಂಥ ಭರವಸೆಗಳು ದಿನವೂ ಕಣ್ಣಿಗೆ ಬೀಳುತ್ತವೆ. ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿ ಮತ್ತು ಆನ್‌ಲೈನ್ ಮಾರಾಟ ಎರಡನ್ನೂ ತಪಾಸಣೆ ಮಾಡಬೇಕು, ಪ್ರತಿ ಬಾಟಲಿಯೊಂದಿಗೆ ಅಡ್ಡಪರಿಣಾಮಗಳನ್ನು ವಿವರಿಸುವ ಕನ್ನಡದ ಚೀಟಿ ಕಡ್ಡಾಯವಾಗಬೇಕು. ನನ್ನ ವ್ಯಾಪಾರಿ ಬಂಧುಗಳಲ್ಲಿಯೂ ಒಂದು ವಿನಂತಿ: ಚೀಟಿ ಇಲ್ಲದೆ ಬಂದ ಹುಡುಗನನ್ನು ಬರಿಗೈಲಿ ಕಳಿಸುವಾಗ ಹತ್ತಿರದ ಚರ್ಮರೋಗ ತಜ್ಞರು ಎಲ್ಲಿ, ಯಾವ ವೇಳೆಗೆ ಸಿಗುತ್ತಾರೆಂದು ಹೇಳಿ ಕಳಿಸಿರಿ.

– ಔಷಧ ವ್ಯಾಪಾರಿ, ನವನಗರ, ಬಾಗಲಕೋಟೆ