ಬಾಳಂತನ ಮಾಡಿದ ಡೈನರು

ಮೊನ್ನೆ ಭಾನುವಾರ ಮಗಳಿಗೆ ವರ್ಷ ತುಂಬಿತು. ಕೇಕ್ ಕತ್ತರಿಸಿದ್ದು ಮನೆಯಲ್ಲಲ್ಲ, ಅಮೆರಿಕದ ಜರ್ಸಿ ಸಿಟಿಯ ಒಂದು ಪುಟ್ಟ ಡೈನರಿನಲ್ಲಿ, ಅಂದರೆ ಊಟದ ಹೋಟೆಲಿನಲ್ಲಿ. ಫೋಟೊ ನೋಡಿದ ಊರಿನವರೆಲ್ಲ "ಮಗು ಎತ್ತಿಕೊಂಡವರು ಯಾರೇ?" ಅಂತ ಕೇಳಿದ್ದೀರಿ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ಹೇಗೂ ಇದು ಒಂದು ವರ್ಷದ ಬಾಕಿ.

ಮಗು ಹುಟ್ಟಿದ್ದು 31ನೇ ವಾರಕ್ಕೆ. ತೂಕ 1,450 ಗ್ರಾಂ. 41 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿತ್ತು. ಅಮ್ಮ ಕುಂದಾಪುರದಿಂದ ಬರಬೇಕಿತ್ತು. ಬಾಳಂತಿ ಲೇಹ್ಯವನ್ನೂ ಕಟ್ಟಿಟ್ಟಿದ್ದಳು. ವೀಸಾ ಸಂದರ್ಶನಕ್ಕೆ ದಿನ ಸಿಗುವುದರೊಳಗೆ ಮಗಳೇ ಅವಸರ ಮಾಡಿ ಬಂದುಬಿಟ್ಟಳು. ಮೂರು ಗಂಟೆಗೊಮ್ಮೆ ಅಲಾರಂ ಇಟ್ಟು ಪಂಪ್ ಮಾಡುವುದು, ಬಂದ ನಾಲ್ಕು ಚಮಚ ಹಾಲನ್ನು ಬಾಟಲಿಗೆ ಹಾಕಿ ಆಸ್ಪತ್ರೆಗೆ ಒಯ್ಯುವುದು, ಬಿಸ್ಕತ್ತು ತಿನ್ನುವುದು. ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಹೊರಟ ಫಿಲಿಪಿನೊ ನರ್ಸ್ ನನ್ನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ನೋಡಿ, ಏನೂ ಮಾತಾಡದೆ ನನ್ನ ಕೋಟು ತಂದು ಕೊಟ್ಟರು. "ನಡಿ, ಆತೆ ಹತ್ತಿರ ಹೋಗೋಣ."

ನನಗೆ ಕೇಳಿಸಿದ್ದು ಅತ್ತೆ! ತಗಲಾಗ್ ಭಾಷೆಯಲ್ಲಿ ಆತೆ ಅಂದರೆ ಅಕ್ಕ ಅಂತ ಆಮೇಲೆ ಗೊತ್ತಾಯಿತು. (ನಮ್ಮತ್ತೆಯವರೂ ಇದನ್ನು ಓದುತ್ತಾರೆ, ಹಾಗಾಗಿ ಹೆಚ್ಚು ಹೇಳುವುದಿಲ್ಲ.)

ಆ ಡೈನರಿನ ಒಡತಿಯೇ ಈ ಆತೆ, ಫೋಟೊದಲ್ಲಿ ಮಗು ಎತ್ತಿಕೊಂಡವರು. ಫಿಲಿಪೀನ್ಸಿನ ಮನಿಲಾದವರು. ಗಂಡ ಇಲ್ಲೇ ಪಕ್ಕದ ಯೂನಿಯನ್ ಸಿಟಿಯಲ್ಲಿ ಹುಟ್ಟಿದ ಕ್ಯೂಬನ್. ಆ ಊರಿಗೆ 'ಹಡ್ಸನ್ ದಂಡೆಯ ಹವಾನಾ' ಎಂದೇ ಹೆಸರು. ಜರ್ಸಿ ಸಿಟಿಯಲ್ಲಿ ಮನಿಲಾ ಅವೆನ್ಯೂ ಅಂತಲೇ ಒಂದು ರಸ್ತೆಯಿದೆ. ನಾವು ಕೊತ್ತಂಬರಿ, ಕರಿಬೇವಿಗೆ ಹೋಗುವ ನ್ಯೂಅರ್ಕ್ ಅವೆನ್ಯೂವೂ ಇಲ್ಲಿಯದೇ. ಹಾಗಾಗಿ ಈ ಜೋಡಿ ಇಲ್ಲಿ ಯಾರಿಗೂ ವಿಚಿತ್ರವಲ್ಲ. "ಸ್ಪೇನ್ ನಮ್ಮಿಬ್ಬರ ದೇಶಗಳನ್ನೂ ಕೈಬಿಟ್ಟಿದ್ದು 1898ರಲ್ಲಿ, ಒಂದೇ ಕಾಗದದಲ್ಲಿ. ನಮ್ಮ ಮದುವೆ ಅವತ್ತೇ ರಿಜಿಸ್ಟರ್ ಆಗಿದೆ" ಅಂತ ಅವರು ಗಿರಾಕಿಗಳಿಗೆಲ್ಲ ಹೇಳುತ್ತಾರೆ. ನಾನೇ ಹತ್ತು ಸಲ ಕೇಳಿದ್ದೇನೆ.

ಅಲ್ಲಿ ತಿಂಡಿ, ಊಟ ಎಂಬ ಭೇದವಿಲ್ಲ, ಎರಡೂ ಒಟ್ಟಿಗೆ. ಬೆಳ್ಳುಳ್ಳಿಯಲ್ಲಿ ಹುರಿದ ಅನ್ನ, ಮೊಟ್ಟೆ, ಸಿಹಿ ಲೊಂಗನೀಸಾ ಸಾಸೇಜು. ಅದೇ ತಟ್ಟೆಯಲ್ಲಿ ಕಪ್ಪು ಹುರುಳಿಯಂಥ ಕಾಳಿನ ಪಲ್ಯ, ಹುಳಿ ಕಿತ್ತಳೆ ರಸದಲ್ಲಿ ನೆನೆಸಿ ಬೇಯಿಸಿದ ಹಂದಿಮಾಂಸ. ಪಕ್ಕದಲ್ಲಿ ಪಪ್ಪಾಯಿಕಾಯಿಯ ಉಪ್ಪಿನಕಾಯಿ. ಅದರ ಹೆಸರು ಅಚಾರಾ! ನಮ್ಮ ಉತ್ತರದವರ ಅಚಾರೇ ಹಡಗು ಹತ್ತಿ ಅಲ್ಲಿಗೆ ಹೋದದ್ದು. ಎಲ್ಲರೂ ಕೇಳುವುದು ಮಾತ್ರ 'ಅರ್ರೋಸ್ ಅ ಲಾ ಕುಬಾನಾ'. ಅನ್ನ, ಕೈಮಾ, ಮೊಟ್ಟೆ, ಹುರಿದ ಬಾಳೆಹಣ್ಣು. ಹೆಸರಿನ ಅರ್ಥ ಕ್ಯೂಬಾ ಶೈಲಿಯ ಅನ್ನ ಅಂತ. ಆದರೆ ಅದು ಫಿಲಿಪೀನ್ಸಿನ ಮನೆಗಳ ಅಡುಗೆ. ಕ್ಯೂಬನ್ ಗಂಡ ಆ ಹೆಸರು ಕೇಳಿದ್ದೇ ಮದುವೆಯಾದ ಮೇಲೆ.

ಆದರೆ ಮೊದಲ ದಿನ ಆತೆ ನನಗೆ ಇದ್ಯಾವುದನ್ನೂ ಕೊಡಲಿಲ್ಲ. ಮಗು ಎಷ್ಟು ದಿನದ್ದು ಅಂತ ಕೇಳಿದರು. ಒಂಬತ್ತು ಅಂದೆ. ಒಳಗೆ ಹೋದವರು ತಮ್ಮ ಮನೆಯವರಿಗೆಂದು ಮಾಡಿದ್ದ ಕೋಳಿ ಸಾರು ತಂದರು. ಶುಂಠಿ, ಪಪ್ಪಾಯಿಕಾಯಿ, ಮೇಲೆ ಹಸಿರು ಎಲೆ. ಚಮಚದಲ್ಲಿ ಎತ್ತಿ ನೋಡಿದರೆ ನುಗ್ಗೆಸೊಪ್ಪು! ಅವರದ್ದು ತಿನೋಲಾ ಅನ್ನುವ ಸಾರು. ಹಾಲು ಬರಲಿ ಅಂತ ಹಡೆದವರಿಗೆ ಕೊಡುವುದು. ಆ ಬಟ್ಟಲಿನ ಮುಂದೆ ನಾನು ಅತ್ತದ್ದನ್ನು ನೋಡಿದವರಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನುಗ್ಗಿ ಸೊಪ್ಪಾ? ಹಾಂಗಾರೆ ಅಡ್ಡಿಲ್ಲೆ ಮಾರಾಯ್ತಿ" ಅಂದಳು.

ಅಲ್ಲಿಂದ ಮಗು ಮನೆಗೆ ಬರುವವರೆಗೆ ದಿನಾ ಒಂದು ಡಬ್ಬ ಸಾರು. ತಲೆ ಒದ್ದೆ ಮಾಡಿಕೊಂಡು ಬಂದರೆ ಆತೆ ಬೈಯುತ್ತಿದ್ದರು: ಹಸಿ ಮೈಗೆ ತಂಪು ತಾಗಿದರೆ 'ಬಿನಾತ್' ಆಗುತ್ತದಂತೆ. ನಮ್ಮಲ್ಲಿ ಸನ್ನಿ ಅಂತ ಹೆದರಿಸುತ್ತಾರಲ್ಲ, ಹಾಗೇ. ಅವರ ಗಂಡ ತಮ್ಮ ತಾಯಿಯ ಲೆಕ್ಕ ಹೇಳಿ, ನಲವತ್ತು ದಿನ ನಾನು ಏನನ್ನೂ ಎತ್ತುವಂತಿಲ್ಲ ಅಂತ ಕುರ್ಚಿ ಎಳೆದುಕೊಡುತ್ತಿದ್ದರು. ಮಾಲ್ಟಾ ಎಂಬ ಕಪ್ಪು ಪಾನೀಯಕ್ಕೆ ಕಂಡೆನ್ಸ್‌ಡ್ ಮಿಲ್ಕ್ ಕಲಸಿ ಕುಡಿಸಿದರು. ಅದರ ರುಚಿಯ ಬಗ್ಗೆ ಮಾತು ಬೇಡ. ಹಾಲು ಹೆಚ್ಚಿದ್ದು ಸಾರಿಗೋ, ಮಾಲ್ಟಾಕ್ಕೋ, ಹೊತ್ತಿಗೆ ಸರಿಯಾಗಿ ಕೂತು ಉಂಡದ್ದಕ್ಕೋ ನನಗೆ ಗೊತ್ತಿಲ್ಲ. ಹೆಚ್ಚಿತು.

ಎನ್‌ಐಸಿಯು ನರ್ಸುಗಳಿಗೆ, ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎತ್ತಿದವರಿಗೆ, ಎಡಿಸನ್‌ನಿಂದ ಹುಳಿ–ಅನ್ನ ಹೊತ್ತು ತಂದ ಗೆಳತಿಯರಿಗೆ ಋಣಿ. ಆತೆಗೆ, ಅವರ ಯಜಮಾನರಿಗೆ ಏನು ಹೇಳಬೇಕೋ ತಿಳಿಯದು. ಅವರಿಗೆ ಕನ್ನಡ ಓದಲು ಬಾರದು. ಭಾನುವಾರ ಇದನ್ನು ಓದಿ ಹೇಳುತ್ತೇನೆ, ಬಾಳಂತನ ಅನ್ನುವ ಮಾತು ಬಂದಲ್ಲಿ ನಿಲ್ಲಿಸಿ ಅರ್ಥ ಹೇಳುತ್ತೇನೆ.

ದುಡ್ಡು ಎಷ್ಟು ಸಲ ಕೊಟ್ಟರೂ ತಗೊಳ್ಳಲಿಲ್ಲ. ಡಬ್ಬ ಬರಿದೇ ಕೊಡಬಾರದಲ್ಲ, ಮಗು ಮನೆಗೆ ಬಂದ ವಾರ ಹಾಲುಬಾಯಿ ಮಾಡಿ ತುಂಬಿಸಿ ಕೊಟ್ಟೆ. ಆತೆ ಒಂದು ತುಂಡು ಬಾಯಿಗಿಟ್ಟು "ಕಲಮಾಯ್!" ಅಂತ ಕೂಗಿದರು. ಅಂಟಕ್ಕಿ, ತೆಂಗಿನಹಾಲು, ಕಂದು ಸಕ್ಕರೆಯಲ್ಲಿ ಅವರೂ ಇಂಥದ್ದೇ ಮಾಡುತ್ತಾರಂತೆ. ಮರುವಾರ ಡಬ್ಬದಲ್ಲಿ ಅದು ಬಂತು. ಅವತ್ತಿನಿಂದ ಆ ಡಬ್ಬ ಹೋಗುತ್ತಿದೆ, ಬರುತ್ತಿದೆ. ಸದ್ಯ ನಮ್ಮ ಮನೆಯಲ್ಲಿದೆ, ಇವತ್ತು ಅಕ್ಕಿ ನೆನೆಹಾಕಬೇಕು.