ಭಾನುವಾರದ ಮ್ಯಾಚ್: ತಿಂಡಿ, ಊಟದ ವಿಷಯ

ಎಲ್ಲರಿಗೂ ನಮಸ್ಕಾರ. ಭಾನುವಾರದ ಐಪಿಎಲ್ ಮ್ಯಾಚ್ ಈ ಸಲ ಕದ್ರಿಯ ನಮ್ಮ ಮನೆಯಲ್ಲಿ. ಟಾಸ್ 7ಕ್ಕೆ, ಆಟ 7.30ಕ್ಕೆ. ಪಿಜ್ಜಾ ತರಿಸುವುದು ಬೇಡ, ಎಲ್ಲ ಮನೆಯಲ್ಲೇ ಮಾಡೋಣ.

ಮೊದಲು ಚರುಮುರಿ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ ರೆಡಿ ಇರುತ್ತದೆ. ಖಾರದ ಪುಡಿ, ತೆಂಗಿನೆಣ್ಣೆ ಹಾಕಿ ಕಲಸುವುದು ಎಲ್ಲರೂ ಬಂದ ಮೇಲೆಯೇ. ಮನೆಯಲ್ಲಿ ಮಾವಿನ ಮರ ಇರುವವರು ಎರಡು ಕಾಯಿ ತನ್ನಿ.

ಗೋಳಿಬಜೆಗೆ ಮೈದಾ, ಹುಳಿ ಮೊಸರು, ಶುಂಠಿ, ಹಸಿಮೆಣಸು, ಕರಿಬೇವು, ತೆಂಗಿನಕಾಯಿ ಚೂರು ಸೇರಿಸಿ ಮಧ್ಯಾಹ್ನವೇ ಕಲಸಿ ಇಡುತ್ತೇನೆ. ಸೋಡಾ ಚಿಟಿಕೆ ಮಾತ್ರ, ಜಾಸ್ತಿಯಾದರೆ ಎಣ್ಣೆ ಕುಡಿಯುತ್ತದೆ. ಹಿಟ್ಟು ನೀರಾಗಬಾರದು, ಕೈಯಿಂದ ಬಿಟ್ಟರೆ ಉಂಡೆಯಾಗಿ ಬೀಳಬೇಕು. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ. ಕರಿಯುವುದು ಇನ್ನಿಂಗ್ಸ್ ನಡುವಿನ 20 ನಿಮಿಷದ ಬಿಡುವಿನಲ್ಲಿ. ಬಾಣಲೆ ಎದುರು ನಿಂತು ವಿಕೆಟ್ ತಪ್ಪಿಸಿಕೊಳ್ಳುವ ಕರ್ಮ ಯಾರಿಗೂ ಬೇಡ ಅಲ್ವಾ? ಕರಿಯಲು ಇಬ್ಬರು ಬೇಕು, ಈಗಲೇ ಹೆಸರು ಕೊಡಿ.

ಊಟಕ್ಕೆ ಕೋರಿ ರೊಟ್ಟಿ. ಕೋಳಿ ಗಸಿ ನನ್ನದು, ರೊಟ್ಟಿ ಪ್ಯಾಕೆಟ್ ಯಾರಾದರೂ ತನ್ನಿ. ಮಾಂಸ ತಿನ್ನದವರಿಗೆ ಕಡಲೆ ಗಸಿ ಇದೆ, ನನ್ನ ಪ್ರಕಾರ ಅದೂ ಏನೂ ಕಡಿಮೆಯಲ್ಲ. ಗಸಿ ಸುರಿದ ಕೂಡಲೇ ತಿನ್ನಿ. ಕೊನೆಯ ಓವರ್ ಮುಗಿಯಲಿ ಅಂತ ಕಾದರೆ ತಟ್ಟೆಯಲ್ಲಿ ಗರಿಗರಿ ರೊಟ್ಟಿ ಇರುವುದಿಲ್ಲ, ಗಂಜಿ ಇರುತ್ತದೆ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಸಾಲದು, ಎಷ್ಟು ಜನ ಅಂತ ಬರೆಯಿರಿ. ಕೋಳಿ ಎಷ್ಟು ತರಬೇಕು ಅಂತ ಗೊತ್ತಾಗಬೇಕು.